ನೀರು ಕುಡಿದ ಮೇಲಿನ ಮಾತು

ಓಬಿರಿಗೆ ಬಾಯಾರಿತ್ತು. ನೀರಿನ ಬಾಟಲಿ ಎದುರಿಗೇ ಇತ್ತು, ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದು, ಮೇಜಿನ ಬಿಳಿ ಬಟ್ಟೆಯ ಮೇಲೆ ಒದ್ದೆಯ ಉಂಗುರ ಮೂಡಿಸುತ್ತ ನಿಂತಿತ್ತು. ಆದರೂ ಕೈ ಚಾಚುವ ಧೈರ್ಯವಾಗಲಿಲ್ಲ. ಮೂರು ವಾರದಿಂದ ಹೀಗೇ. ಮನೆಯಲ್ಲಿ ಹೆಂಡತಿ ಲೋಟ ಮುಂದಿಟ್ಟರೂ ಒಂದು ಗುಟುಕಿಗೆ ನಿಲ್ಲಿಸಿಬಿಡುತ್ತಿದ್ದ. ‘ಏನಾಗಿದೆ ನಿಮಗೆ, ಈ ಹರ್ಮಟಾನ್ ಒಣಗಾಳೀಲಿ ತುಟಿಯೆಲ್ಲ ಒಡೆದು ರಕ್ತ ಬರ್ತಿದೆ’ ಎಂದು ಅವಳು ಗದರಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಹೊಟ್ಟೆ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಬೇರೆ, ಅದಕ್ಕೆ ಮದ್ದು ಕುಮಾಸಿ ಪಟ್ಟಣದ ಯಾವ ಔಷಧದಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹೋಟೆಲಿನ ಸಭಾಂಗಣದಲ್ಲಿ ಇನ್ನೂ ಜನ ತುಂಬಿರಲಿಲ್ಲ. ಇಬ್ಬರು ಹೆಂಗಸರು ಕುರ್ಚಿಗಳ ಮೇಲೆ ಕಡತಗಳನ್ನಿಡುತ್ತ ಬರುತ್ತಿದ್ದರು. ಬ್ಯಾಂಕಿಗಾಗಿ ಸಮೀಕ್ಷೆ ಮಾಡಿದ ಸಂಸ್ಥೆಯ ಯಜಮಾನರಾದ ಡಾಕ್ಟರ್ ಟವಿಯಾ ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಹಾಯಿಸಿ, ಸರಿಯಾಗಿ ಬರುತ್ತಿವೆಯೇ ಎಂದು ನೋಡುತ್ತಿದ್ದರು. ಒಂಬತ್ತನೆಯ ಚಿತ್ರ ಬಂದಾಗ ಓಬಿರಿ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಕಟ್ಟಿದ್ದ ದಾರವನ್ನೇ ಬಿಚ್ಚಿ ಮತ್ತೆ ಕಟ್ಟಿದ. ಅದರಲ್ಲಿ ಟೊಮೆಟೊ ರಾಶಿಯ ಹಿಂದೆ ಕಪ್ಪು ಬಟ್ಟೆ ತೊಟ್ಟ ಒಬ್ಬ ಮುದುಕಿ ಕೂತಿದ್ದಳು, ಅವಳ ತಲೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ‘ಇಲ್ಲಿ ಎಲ್ಲವೂ ಶಾಂತವಾಗಿದೆ’ ಎಂದು ಬರೆದಿತ್ತು.

ಬ್ಯಾಂಕು ಎಂದರೆ ಓಣಿಯ ತುದಿಯ ಬ್ಯಾಂಕಲ್ಲ, ದೇಶಗಳಿಗೇ ಸಾಲ ಕೊಡುವಂಥದ್ದು. ಅಬೆತಿಮ್ ಊರಿನ ಹಳೇ ಮಾರುಕಟ್ಟೆಯನ್ನು ಕೆಡವಿ ಮೂರಂತಸ್ತಿನ ಹೊಸದನ್ನು ಕಟ್ಟಲು ನೆರವಾದದ್ದು ಅದೇ. ಹದಿನೆಂಟು ತಿಂಗಳ ಮಾತು ಎಂದು ಹೇಳಿ ವ್ಯಾಪಾರದ ಹೆಂಗಸರನ್ನು ಹಳೇ ರೈಲುಹಳಿಯಾಚೆಯ ತಗಡಿನ ಶೆಡ್ಡುಗಳಿಗೆ ಕಳಿಸಿ ಐದು ವರ್ಷವಾಗಿತ್ತು. ಈಗ ಕಟ್ಟಡ ಮುಗಿದಿದೆ. ಮಳಿಗೆಗಳು ಯಾರುಯಾರಿಗೋ ಹಂಚಿಹೋಗಿವೆ, ಶೆಡ್ಡುಗಳನ್ನು ತಿಂಗಳ ಕೊನೆಗೆ ಕೀಳಿಸಲು ಪುರಸಭೆ ತುದಿಗಾಲಲ್ಲಿ ನಿಂತಿದೆ. ಬೇಕಾಗಿರುವುದು ಒಂದೇ ಒಂದು ಕಾಗದ: ಸಂಬಂಧಪಟ್ಟವರನ್ನೆಲ್ಲ ಕೇಳಿದ್ದೇವೆ, ಅವರಿಗೆ ಸಮಾಧಾನವಿದೆ ಎನ್ನುವ ವರದಿ. ಅದನ್ನು ಬ್ಯಾಂಕಿನವರು ಇವತ್ತು ಊಟದ ಹೊತ್ತಿಗೆ ಒಪ್ಪಿಕೊಂಡರೆ ಶೆಡ್ಡುಗಳಲ್ಲಿರುವ ನಾನೂರು ಹೆಂಗಸರ ಮಾತು ಮುಗಿದ ಹಾಗೆ. ಒಟ್ಟು ನೂರ ನಲವತ್ತು ಜನರನ್ನು ಕೇಳಿದ್ದರು. ನೂರ ಎರಡು ಮಂದಿ ಅಧಿಕಾರಿಗಳು, ಮುಖಂಡರು, ಪತ್ರಿಕೆಯವರು, ಗುತ್ತಿಗೆದಾರರು. ಅವರನ್ನೆಲ್ಲ ಬೇರೆಯವರು ಫ್ಯಾನಿನ ಕೆಳಗೆ ಕೂತು ಕೇಳಿ ಬಂದಿದ್ದರು. ಮಾರುಕಟ್ಟೆಯ ಹೆಂಗಸರು ಮೂವತ್ತೆಂಟು. ಆ ಮೂವತ್ತೆಂಟು ಜನರನ್ನು ಕೇಳಿದವನು ಓಬಿರಿ. ಕೇಳಿದ್ದೇನೆಂದು ಸಹಿ ಹಾಕಿದವನು, ಅಂದರೆ ಹೆಚ್ಚು ಸರಿಯಾದೀತು.

‘ಓಬಿರಿ,’ ಎಂದರು ಟವಿಯಾ, ಚಿತ್ರವನ್ನು ಅಲ್ಲಿಯೇ ನಿಲ್ಲಿಸಿ. ‘ಹೆಂಗಿದೆ? ಇಡೀ ವರದೀಲಿ ಇದೊಂದು ಮಾತು ಸಾಕು ಕಣಯ್ಯ. ಬ್ಯಾಂಕಿನ ಮಾರಿಟ್ ಮೇಡಂ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು.’

‘ಆ ಮಾತು... ಸರ್, ಅದು ಯಾವಾಗ ಹೇಳೋ ಮಾತು ಅಂತ ನಿಮಗೂ ಗೊತ್ತಲ್ಲ.’

‘ನಿಂಗೊತ್ತು, ನಂಗೊತ್ತು. ಅವರಿಗೇನು ಗೊತ್ತು?’ ಟವಿಯಾ ನಕ್ಕರು. ಮರುಕ್ಷಣ ನಗು ತೆಗೆದಿಟ್ಟರು. ‘ಹೇಳಿದ್ದಾಳೋ ಇಲ್ವೋ? ಹೇಳಿದ್ದಾಳೆ. ಸುಳ್ಳಾ? ಅಲ್ಲ. ಮತ್ತೇನು? ಇನ್ನೊಂದು ವಿಷಯ, ಆಯಮ್ಮನ್ನೇ ಕರೆಸಿದ್ದೀನಿ. ಫೋಟೋದಲ್ಲಿರೋರು ಎದುರಿಗೇ ಕೂತಿದ್ರೆ ಒಂದು ಕಳೆ. ಇಂಗ್ಲಿಷ್ ಬರಲ್ಲ, ಪಕ್ಕದಲ್ಲಿ ಕೂತು ನೀನೇ ಅನುವಾದ ಮಾಡು. ಮುಂದಿನ ಸಮೀಕ್ಷೆಗೆ ನೀನೇ ಮೇಲ್ವಿಚಾರಕ, ನೆನಪಿಟ್ಟುಕೋ. ಟೈಮಿಗೆ ಸರಿಯಾಗಿ ಫಾರಂ ತಂದುಕೊಟ್ಟೋನು ನೀನೊಬ್ಬನೇ.’

ಟೈಮಿಗೆ ಸರಿಯಾಗಿ. ಎರಡು ದಿನದ ಕೆಲಸ ಅದು, ಓಬಿರಿ ಅರ್ಧ ದಿನದಲ್ಲಿ ಮುಗಿಸಿದ್ದ. ಅವತ್ತು ಬೆಳಿಗ್ಗೆ ಅಬೆತಿಮ್‌ನ ಶೆಡ್ಡುಗಳಿಗೆ ಕಾಲಿಟ್ಟಾಗ ಅವನಿಗೆ ನಿಜವಾಗಿಯೂ ಒಳ್ಳೆಯ ಮನಸ್ಸಿತ್ತು. ಹದಿನೇಳು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು, ಇಪ್ಪತ್ತಮೂರು ಪ್ರಶ್ನೆಗಳನ್ನೂ ಬಾಯಿಪಾಠ ಮಾಡಿದ್ದ, ಒಂದರಿಂದ ಹತ್ತರವರೆಗೆ ಅಂಕ ಕೊಡುವುದನ್ನು ಟೊಮೆಟೊ ಡಬ್ಬಿಗಳ ಲೆಕ್ಕದಲ್ಲಿ ಹೇಗೆ ವಿವರಿಸಬೇಕೆಂದು ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದ. ಮೊದಲನೆಯ ಹೆಂಗಸು ಸ್ಟೂಲು ಒರೆಸಿ ಕೂರಿಸಿದಳು, ಪ್ಲಾಸ್ಟಿಕ್ ಪೊಟ್ಟಣದ ನೀರನ್ನು ಎರಡೂ ಕೈಯಲ್ಲಿ ಕೊಟ್ಟಳು. ಕುಡಿಯದೆ ಮಾತಾಡುವಂತಿಲ್ಲ. ಕುಡಿದ ಮೇಲೆ ಅವಳು ಎಲ್ಲರೂ ಹೇಳುವುದನ್ನೇ ಹೇಳಿದಳು: ಇಲ್ಲಿ ಎಲ್ಲ ಶಾಂತ, ದಾರಿ ನಡೆದು ಬಂದವರು ನೀವು, ಬಂದ ಸುದ್ದಿ ಹೇಳಿ. ಅವನು ಸುದ್ದಿ ಹೇಳಬೇಕು, ಅವಳು ಕೈ ಕುಲುಕಿ ಸ್ವಾಗತ ಹೇಳಬೇಕು, ಆಮೇಲೆ ಅವನು ಎರಡನೇ ಸಲ ‘ನಿಮ್ಮ ಕಡೆ ಏನು?’ ಎಂದು ಕೇಳಬೇಕು. ಬಾಯಿ ಬಿಡುವುದು ಆಗ. ಮೊದಲನೆಯವಳ ಹತ್ತಿರ ಸುದ್ದಿ ಹೇಳುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಪಕ್ಕದ ಶೆಡ್ಡುಗಳವರೂ ಬಂದು ಕೂತರು, ಅವರೂ ನೀರು ಕೊಟ್ಟರು. ಮೂರನೆಯವಳ ಹತ್ತಿರ ಅವನು ಸುದ್ದಿಯನ್ನು ಚಿಕ್ಕದು ಮಾಡಿದ. ಏಳನೆಯವಳ ಹೊತ್ತಿಗೆ ಹೊಟ್ಟೆ ನಗಾರಿಯಾಗಿತ್ತು, ತೊಡೆ ತೊಡೆ ಒತ್ತಿ ಕೂತು, ಪ್ರಶ್ನೆಗಳನ್ನು ಆಮೇಲೆ ಕೇಳಿದರಾಯಿತೆಂದು ಮುಂದೆ ಹೋಗುತ್ತಿದ್ದ. ಹನ್ನೊಂದನೆಯವಳು ‘ಮೇಷ್ಟ್ರಿಗೆ ಬೆವರು ನೋಡು’ ಎಂದು ಇನ್ನೊಂದು ಪೊಟ್ಟಣ ಹಲ್ಲಿನಲ್ಲಿ ಕಚ್ಚಿ ತೆರೆದು ಕೊಟ್ಟಳು.

ಶೌಚಾಲಯವಿತ್ತು. ಶೆಡ್ಡುಗಳ ಕೊನೆಯಲ್ಲಿ ನೀಲಿ ಬಣ್ಣ ಬಳಿದ ಅಚ್ಚುಕಟ್ಟಾದ ಕಟ್ಟಡ, ಅದರ ಹಣೆಯ ಮೇಲೆ ಬ್ಯಾಂಕಿನ ನೆರವಿನಿಂದ ಕಟ್ಟಿದ್ದೆಂದು ಫಲಕ, ಬಾಗಿಲಿಗೆ ಅಂಗೈಯಗಲದ ಬೀಗ. ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು. ಓಬಿರಿ ಸುತ್ತ ಒಮ್ಮೆ ನೋಡಿ ಹಿಂದಿನ ದೊಡ್ಡ ಚರಂಡಿಯ ಪಕ್ಕ ಓಡಿದ, ‘ಇಲ್ಲಿ ಉಚ್ಚೆ ಹೊಯ್ಯಬಾರದು’ ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದ ಗೋಡೆಗೆ ಮುಖ ಮಾಡಿ ನಿಂತ. ಲೆಕ್ಕದ ಮೇಷ್ಟ್ರು, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫಾರಂಗಳ ಕಟ್ಟು. ಎಷ್ಟು ಹೊತ್ತು ನಿಂತರೂ ಮುಗಿಯಲೊಲ್ಲದು. ಆಗಲೇ ಹಿಂದಿನಿಂದ ಮುದಿ ದನಿ ಬಂದದ್ದು: ‘ನಿಧಾನ ಮಾಡಪ್ಪ, ಅಂಚು ಜಾರ್ತದೆ. ನಮಗೂ ಅದೇ ಜಾಗ.’ ತಿರುಗಿ ನೋಡಲು ಅವನಿಗಾಗಲಿಲ್ಲ, ತಿರುಗುವ ಸ್ಥಿತಿಯಲ್ಲಿರಲಿಲ್ಲ. ದನಿ ಯಾರದೆಂದು ಗೊತ್ತಿತ್ತು. ಅರ್ಧ ಗಂಟೆ ಮುಂಚೆ ಆ ಮುದುಕಿಯ ಎದುರು ಕೂತು, ನೀರು ಕುಡಿದು, ಫೋಟೋ ತೆಗೆದು, ಬಂದ ಸುದ್ದಿಯನ್ನೂ ಹೇಳಿ, ಇನ್ನೇನು ಎರಡನೇ ಸಲ ಕೇಳಬೇಕು ಎನ್ನುವಾಗ ‘ಈಗ ಬಂದೆ ಅಜ್ಜಿ’ ಎಂದು ಎದ್ದು ಓಡಿಬಂದಿದ್ದ. ಅವಳು ಟೊಮೆಟೊ ರಾಣಿ, ಅಫ್ರಾಕೋಮಾ. ಶೆಡ್ಡುಗಳಲ್ಲಿ ಜಗಳ ತೀರ್ಮಾನ ಮಾಡುವವಳು, ದರ ಹೇಳುವವಳು ಅವಳೇ. ಓಬಿರಿ ಪ್ಯಾಂಟಿನ ಜಿಪ್ಪೆಳೆದುಕೊಂಡು, ಅವಳಿದ್ದ ಕಡೆ ಬೆನ್ನು ಹಾಕಿಯೇ, ಹಳಿ ದಾಟಿ ಬಸ್ ನಿಲ್ದಾಣಕ್ಕೆ ಬಂದುಬಿಟ್ಟ. ಮಧ್ಯಾಹ್ನ ಒಂದು ಗಂಟೆಯೂ ಆಗಿರಲಿಲ್ಲ. ಪ್ರಯಾಣಿಕರು ತುಂಬಲೆಂದು ಕಾದಿದ್ದ, ಬಸ್ಸೆಂದೇ ಕರೆಯುವ ವ್ಯಾನಿನಲ್ಲಿ ಕೂತು, ತೊಡೆಯ ಮೇಲೆ ಫಾರಂಗಳನ್ನಿಟ್ಟುಕೊಂಡು ಬರೆಯಲು ಶುರುಮಾಡಿದ.

ಹನ್ನೊಂದು ಜನ ಇಲ್ಲಿ ಶಾಂತ ಎಂದಿದ್ದರು, ರಾಣಿಯೂ ಎಂದಿದ್ದಳು. ಎರಡನೇ ಸಲ ಅವನು ಯಾರನ್ನೂ ಕೇಳಿರಲಿಲ್ಲ. ಉಳಿದ ಇಪ್ಪತ್ತಾರು ಜನರ ಹೆಸರನ್ನು ಮಾತ್ರ ಪಟ್ಟಿ ನೋಡಿ ಬರೆದುಕೊಂಡಿದ್ದ. ಹಾದು ಹೋಗುವಾಗ ಅವರೂ ಕುಳಿತಲ್ಲಿಂದಲೇ ಪೊಟ್ಟಣ ಚಾಚಿದ್ದರು, ಗುಟುಕರಿಸಿ ಮುಂದೆ ಹೋಗಿದ್ದ, ಅವರೂ ಶಾಂತ ಎಂದಿದ್ದರು. ಶಾಂತ ಎಂದರೆ ಒಂಬತ್ತು. ಸುಳ್ಳೇನು ಬಂತು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನಲ್ಲ ಅವನು, ಅವನಿಗೆ ಗೊತ್ತಿತ್ತು. ಅಜ್ಜ ಸತ್ತ ದಿನ ಹೆಣ ಒಳಕೋಣೆಯಲ್ಲಿತ್ತು, ಇನ್ನೂ ಯಾರಿಗೂ ತಿಳಿಸಿರಲಿಲ್ಲ, ಆಗ ದೂರದೂರಿನಿಂದ ನೆಂಟನೊಬ್ಬ ಬೇರೇನೋ ಕೆಲಸಕ್ಕೆ ಬಂದ. ಅಜ್ಜಿ ಸ್ಟೂಲು ಹಾಕಿ, ನೀರು ಕೊಟ್ಟು, ಮುಖದ ಒಂದು ಗೆರೆಯೂ ಅಲುಗದೆ ‘ಇಲ್ಲಿ ಎಲ್ಲ ಶಾಂತ, ದಾರಿ ನಡೆದವನು ನೀನು’ ಎಂದಳು. ಇಪ್ಪತ್ತು ವರ್ಷದ ಓಬಿರಿ ಬಾಗಿಲಲ್ಲಿ ನಿಂತು ಬಿಕ್ಕಿದ್ದಕ್ಕೆ ಆಮೇಲೆ ಬೈಗುಳ ತಿಂದ. ‘ಬಂದೋನ ಉಸಿರು ಕೆಳಗಿಳಿಯೋವರೆಗೂ ಸಾವಾದ್ರೂ ಹೊಸಿಲಾಚೆ ಕಾಯ್ಬೇಕು ಕಣೋ’ ಎಂದಿದ್ದಳು ಅಜ್ಜಿ. ಇಷ್ಟು ಗೊತ್ತಿದ್ದವನು ವ್ಯಾನಿನಲ್ಲಿ ಕೂತು ಒಂಬತ್ತು, ಎಂಟು, ಒಂಬತ್ತು ಎಂದು ಬರೆದ. ಎಲ್ಲವೂ ಒಂದೇ ಥರ ಆಗದಿರಲಿ ಎಂದು ನಡುನಡುವೆ ಏಳನ್ನೂ ಹಾಕಿದ. ಏಳನೆಯ ಪ್ರಶ್ನೆ ಶೌಚಾಲಯದ್ದು. ಅಲ್ಲಿ ಪೆನ್ನು ಒಂದು ಕ್ಷಣ ತಡೆಯಿತು, ಅಷ್ಟರಲ್ಲಿ ಹೊರಟಿದ್ದ ವ್ಯಾನು ಚಕ್ರ ಗುಂಡಿಗೆ ಬಿದ್ದು ಕುಲುಕಿತು, ಎಂಟು ಬಿತ್ತು. ರಾಣಿ ಕಪ್ಪು ಬಟ್ಟೆ ತೊಟ್ಟಿದ್ದಳು. ಸಾವಿನ ಕಪ್ಪು, ವರ್ಷ ತುಂಬದ ಸಾವಿನದು. ಯಾರು ಸತ್ತರು ಎಂದು ಅವನು ಕೇಳಿರಲಿಲ್ಲ.

ಸಭೆ ತುಂಬತೊಡಗಿತು. ಪುರಸಭೆಯವರು ಬಂದರು, ಕಡುಗೆಂಪು ಟೈ ಕಟ್ಟಿದ ಗುತ್ತಿಗೆದಾರ ಬಂದ, ಕೊನೆಯಲ್ಲಿ ಬ್ಯಾಂಕಿನ ತಂಡ ಬಂತು. ಅದರ ಮುಖ್ಯಸ್ಥೆ ಮಾರಿಟ್ ಎತ್ತರದ ಹೆಂಗಸು, ನಾರ್ವೆ ದೇಶದವಳು, ಎಲ್ಲರ ಕೈ ಕುಲುಕುವಾಗಲೂ ಹೆಸರನ್ನು ಮತ್ತೆ ಹೇಳಿಸಿ ಕಲಿಯುವವಳು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಓಬಿರಿಗೆ ಅನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಕಪ್ಪು ಬಟ್ಟೆ ಕಾಣಿಸಿತು. ಅವನಿಗೆ ಎದ್ದು ಹೋಗಿಬಿಡಬೇಕೆನಿಸಿತು, ಆದರೆ ಕಾಲು ಏಳುವ ಮೊದಲೇ ಅಫ್ರಾಕೋಮಾ ಅವನ ಪಕ್ಕದ ಕುರ್ಚಿಗೆ ಬಂದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಾಗಿತ್ತು.

‘ಓ, ಮೇಷ್ಟ್ರು,’ ಎಂದಳು. ‘ಓಡಿಹೋದ ಮೇಷ್ಟ್ರು.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಓಬಿರಿಯ ಕೈ ತಾನಾಗಿಯೇ ಗುರುತಿನ ಚೀಟಿಗೆ ಹೋಯಿತು. ‘ಬಸ್ಸು... ಬಸ್ಸು ಹೊರಟಿತ್ತು ಅಜ್ಜಿ.’

‘ಬಸ್ಸಾ? ಮೂರು ಗಂಟೆವರ್ಗೂ ಬಸ್ಸು ಅಲ್ಲೇ ನಿಂತಿತ್ತು. ತುಂಬಿದ್ರೆ ತಾನೇ ಹೊರಡೋದು? ನಮ್ ಹುಡ್ಗೀರು ನೋಡವ್ರೆ, ಒಳಗೆ ಕೂತು ಏನೋ ಗೀಚ್ತಾ ಇದ್ಯಂತೆ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ‘ನಿನ್ನ ಸ್ಟೂಲು ನಾನು ಸಂಜೆವರ್ಗೂ ಎತ್ತಿಸ್ಲಿಲ್ಲ. ಈಗ ಬತ್ತೀನಿ ಅಂದೋನು ಬತ್ತಾನೆ ಅಂತ. ಗಿರಾಕಿಗಳು ಕೂತ್ಕೊಳಕ್ಕೆ ಬಂದ್ರೆ, ಬ್ಯಾಡ, ಅದು ಬ್ಯಾಂಕಿನ ಮೇಷ್ಟ್ರುದು ಅಂದೆ. ಫೋಸುವಾ ವಿಷ್ಯ ಹೇಳ್ಬೇಕಿತ್ತು ನಿಂಗೆ.’

‘ಫೋಸುವಾ ಯಾರು?’

ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು, ಕೇಳಬೇಕಾಗಿದ್ದ ದಿನ ಕೇಳದೆ. ಮುದುಕಿ ಅವನನ್ನು ನೋಡಲಿಲ್ಲ, ಪರದೆಯ ಮೇಲಿನ ಬ್ಯಾಂಕಿನ ಗುರುತನ್ನು ನೋಡುತ್ತಿದ್ದಳು. ‘ನನ್ ತಂಗಿ ಮಗಳು. ಬಸುರಿ. ಜೂನ್ ಮಳೇಲಿ, ಬೆಳಿಗ್ಗೆ ಐದು ಗಂಟೆಗೆ ಬಂದಿದ್ಲು, ಲಾರಿ ಮಾಲು ಇಳ್ಸಕ್ಕೆ. ಆ ನೀಲಿ ಮನೆಗೆ ಬೀಗ. ನೀನು ನಿಂತಿದ್ಯಲ್ಲ, ಅದೇ ಅಂಚು. ಚರಂಡಿ ತುಂಬಿ ಹರೀತಿತ್ತು. ಎರಡ್ನೇ ದಿನ ಸೇತುವೆ ಹತ್ರ ಸಿಕ್ಕಿದ್ಲು.’ ಆಮೇಲೆ ಅವನ ಕಡೆ ತಿರುಗಿ ಹೇಳಿದಳು, ‘ನಿಧಾನ ಮಾಡಪ್ಪ ಅಂದಿದ್ದು ಅದಕ್ಕೇ.’

ನಗೆಯಾಡಿದ್ದಳು ಎಂದುಕೊಂಡಿದ್ದ. ಮೂರು ವಾರ ಆ ಒಂದು ಮಾತನ್ನು ಮಗ್ಗುಲು ಬದಲಿಸಿದಾಗೆಲ್ಲ ಕೇಳಿಸಿಕೊಂಡು, ಇಡೀ ಮಾರುಕಟ್ಟೆ ತನ್ನ ಬೆನ್ನ ಹಿಂದೆ ನಗುತ್ತಿದೆ ಎಂದುಕೊಂಡು ನವೆದಿದ್ದ. ಅವಳು ಅವನು ಬೀಳದಿರಲಿ ಎಂದು ಹೇಳಿದ್ದಳು. ಪರವೂರಿನವನ ಕಣ್ಣು ದೊಡ್ಡದು, ಕಾಣಿಸುವುದು ಮಾತ್ರ ಏನೂ ಇಲ್ಲ ಎನ್ನುತ್ತಾರೆ. ಅವನು ಪರವೂರಿನವನೂ ಅಲ್ಲ, ಅದೇ ಭಾಷೆ ಆಡುವವನು, ಅದೇ ನೀರು ಕುಡಿದು ಬೆಳೆದವನು. ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ದೀಪಗಳು ಮಂಕಾದವು.

ಟವಿಯಾ ಮಾತಾಡಿದರು. ಚೆನ್ನಾಗಿ ಮಾತಾಡುತ್ತಾರೆ ಅವರು, ಅಂಕಿಗಳನ್ನು ಹೇಳುವಾಗಲೂ ಪಾದ್ರಿಯ ಏರಿಳಿತವಿರುತ್ತದೆ. ಒಟ್ಟು ಸರಾಸರಿ ಹತ್ತಕ್ಕೆ ಎಂಟು ಪಾಯಿಂಟ್ ನಾಲ್ಕು. ಅಧಿಕಾರಿಗಳಿಗಿಂತ ಮಾರುಕಟ್ಟೆಯ ಮಹಿಳೆಯರಲ್ಲೇ ಬ್ಯಾಂಕಿನ ಬಗ್ಗೆ ಹೆಚ್ಚು ವಿಶ್ವಾಸ, ಇದು ನಾವು ನಿರೀಕ್ಷಿಸದೇ ಇದ್ದದ್ದು. ಬ್ಯಾಂಕು ನಮ್ಮ ಮಾತು ಕೇಳುತ್ತದೆ ಎನ್ನುವವರು ಇಷ್ಟು. ನೈರ್ಮಲ್ಯ ಸುಧಾರಿಸಿದೆ ಎನ್ನುವವರು ಇಷ್ಟು. ಓಬಿರಿ ಮುದುಕಿಯ ಕಿವಿಗೆ ಬಾಗಿ ಪ್ರತಿಯೊಂದನ್ನೂ ಹೇಳಬೇಕಾಗಿತ್ತು, ಅದು ಅವನ ಕೆಲಸ. ‘ಏನಂತಾನೆ?’ ಎಂದು ಅವಳು ಮೊಣಕೈಯಲ್ಲಿ ತಿವಿದಾಗ, ‘ಮಾರ್ಕೆಟ್ ಬಗ್ಗೆ ಹೇಳ್ತಿದ್ದಾರೆ’ ಎಂದ. ಮತ್ತೆ ತಿವಿದಾಗ, ‘ಇನ್ನೂ ಮಾರ್ಕೆಟ್ ಬಗ್ಗೆನೇ’ ಎಂದ. ಒಂಬತ್ತನೆಯ ಚಿತ್ರ ಬಂತು. ಸಭೆಯಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು, ಜನ ಚಿತ್ರವನ್ನೂ ಮುದುಕಿಯನ್ನೂ ಹೊರಳಿ ಹೊರಳಿ ನೋಡಿದರು. ಅಫ್ರಾಕೋಮಾ ತನ್ನ ಮುಖವನ್ನು ಗೋಡೆಯಷ್ಟು ದೊಡ್ಡದಾಗಿ ಕಂಡು ತಲೆಬಟ್ಟೆ ಸರಿಮಾಡಿಕೊಂಡಳು. ‘ಮೇಲೇನು ಬರ್ದದೆ?’ ಎಂದಳು.

‘ನೀವು ಹೇಳಿದ್ದು.’

‘ನಾನೇನು ಹೇಳ್ದೆ? ನಾನಿನ್ನೂ ಹೇಳೇ ಇಲ್ವಲ್ಲ.’

ಮಾರಿಟ್ ಎದ್ದು ನಿಂತಿದ್ದಳು. ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯುತ್ತದೆ, ಇದನ್ನು ಹೇಳಿದ ತಾಯಿ ಇಲ್ಲೇ ಇದ್ದಾರೆ, ವರದಿಯನ್ನು ಒಪ್ಪಿಕೊಳ್ಳುವ ಮೊದಲು ಅವರ ಬಾಯಿಂದಲೇ ಎರಡು ಮಾತು ಕೇಳಬೇಕು ಎಂದಳು. ಟವಿಯಾ ಓಬಿರಿಯ ಕಡೆ ನೋಡಿ, ಬೇಗ ಎನ್ನುವಂತೆ ಕೈಗಡಿಯಾರ ತಟ್ಟಿದರು. ಓಬಿರಿ ಮೈಕು ಹಿಡಿದುಕೊಂಡ. ಮುದುಕಿಗೆ ಹೇಳಿದ, ನಿಮ್ಮ ಮಾತು ಕೇಳಬೇಕಂತೆ.

ಅಫ್ರಾಕೋಮಾ ಮೊದಲು ಸಭೆಯನ್ನು ಒಂದು ಸುತ್ತು ನೋಡಿದಳು. ಆಮೇಲೆ ಎದ್ದು, ಮೇಜಿನ ಮೇಲಿದ್ದ ಬಾಟಲಿ ತೆಗೆದು, ಓಬಿರಿಯದನ್ನೇ, ನಿಧಾನವಾಗಿ ನಡೆದು ಹೋಗಿ ಮಾರಿಟ್‌ಳ ಮುಂದೆ ಎರಡೂ ಕೈಯಲ್ಲಿ ಹಿಡಿದಳು. ‘ಹೋಟ್ಲು ಯಾರದಾದ್ರೇನು, ನೆಲ ನಮ್ದು,’ ಎಂದಳು. ‘ಬಂದೋರು ಅವ್ರು. ಕುಡೀಲಿ.’ ಮಾರಿಟ್ ನಕ್ಕು, ಕುಡಿದು, ಎದೆಯ ಮೇಲೆ ಕೈಯಿಟ್ಟುಕೊಂಡಳು. ಮುದುಕಿ ವಾಪಸು ಬಂದು, ಕೂರದೆ, ಎಲ್ಲರಿಗೂ ಕೇಳುವಂತೆ ಹೇಳಿದಳು, ‘ಇಲ್ಲಿ ಎಲ್ಲ ಶಾಂತ. ದಾರಿ ನಡೆದು ಬಂದೋರು ನೀವು.’

ಓಬಿರಿ ಇಂಗ್ಲಿಷಿನಲ್ಲಿ ಹೇಳಿದ. ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಸಭೆ ಚಪ್ಪಾಳೆ ತಟ್ಟಿತು. ಗುತ್ತಿಗೆದಾರ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮಾರಿಟ್ ತಲೆದೂಗುತ್ತ ಕೂತು, ಕಡತ ತೆರೆದು, ಪೆನ್ನಿನ ಮುಚ್ಚಳ ತೆಗೆದಳು. ಮುದುಕಿ ಮಾತ್ರ ಹಾಗೇ ನಿಂತಿದ್ದಳು, ಕೈ ಮುಂದೆ ಕಟ್ಟಿಕೊಂಡು, ಬಂದವರು ಬಂದ ಸುದ್ದಿ ಹೇಳಲಿ ಎಂದು ಕಾಯುತ್ತ. ಅವಳು ಮುಗಿಸಿಲ್ಲ ಎನ್ನುವುದು ಆ ಸಭೆಯಲ್ಲಿ ಅರ್ಧ ಜನಕ್ಕಾದರೂ ಗೊತ್ತಿತ್ತು. ಪುರಸಭೆಯವರೆಲ್ಲ ಅಜ್ಜಿಯರ ಮಡಿಲಲ್ಲಿ ಬೆಳೆದವರೇ. ಅವರೂ ಚಪ್ಪಾಳೆ ತಟ್ಟುತ್ತಿದ್ದರು, ಅಂಗೈ ನೋಡಿಕೊಂಡು. ಟವಿಯಾ ‘ಧನ್ಯವಾದ, ಈಗ ಚಹಾ’ ಎಂದು ಶುರು ಮಾಡಿದ್ದರು. ಆಗ ಮುದುಕಿ ಕತ್ತು ತಿರುಗಿಸಿ ಓಬಿರಿಯನ್ನು ನೋಡಿದಳು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಅಂಗಡಿಯಲ್ಲಿ ಸರದಿಗೆ ನಿಂತವರು, ಯಾಕೆ ತಡ ಎಂದು ನೋಡುತ್ತಾರಲ್ಲ, ಅಷ್ಟೇ.

‘ಅದು ಉತ್ತರ ಅಲ್ಲ,’ ಎಂದ ಓಬಿರಿ. ಮೈಕು ಕೈಯಲ್ಲಿದ್ದದ್ದರಿಂದ ಅದು ಇಡೀ ಸಭೆಗೆ ಕೇಳಿತು.

ಮಾರಿಟ್ ಪೆನ್ನು ಎತ್ತಿದಳು. ‘ಕ್ಷಮಿಸಿ?’

‘ಅವರು ಹೇಳಿದ್ದು ಉತ್ತರ ಅಲ್ಲ ಮೇಡಂ. ಉತ್ತರಕ್ಕೆ ಮುಂಚೆ ಹೇಳುವುದು ಅದು. ಒಳಗೆ ಹೆಣ ಇದ್ದರೂ ಹೇಳುತ್ತೇವೆ. ಬಂದವರು ಆಮೇಲೆ ಮತ್ತೊಮ್ಮೆ ಕೇಳಬೇಕು. ಆಗ ಹೇಳುತ್ತಾರೆ.’

‘ಹಾಗಾದರೆ,’ ಮಾರಿಟ್ ಪರದೆಯನ್ನು ನೋಡಿದಳು, ಅವನನ್ನು ನೋಡಿದಳು. ಬುದ್ಧಿವಂತೆ. ‘ಇವರ ಫಾರಮಿನಲ್ಲಿ ಇಪ್ಪತ್ತಮೂರು ಉತ್ತರಗಳಿವೆಯಲ್ಲ. ಅವನ್ನು ಯಾರು ಹೇಳಿದ್ದು?’

ಹೊರಗೆ ಯಾರೋ ಚಹಾದ ಬಟ್ಟಲುಗಳನ್ನು ಜೋಡಿಸುತ್ತಿದ್ದ ಸದ್ದು. ಟವಿಯಾರ ಮುಖದಲ್ಲಿ ನಗು ಇನ್ನೂ ಇತ್ತು, ಆರಿಸಲು ಮರೆತ ದೀಪದ ಹಾಗೆ. ‘ನಾನು,’ ಎಂದ ಓಬಿರಿ.

ಹೇಳಿದ ಕೂಡಲೇ ಅವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಎಲ್ಲರೂ ನೋಡುತ್ತಿದ್ದರು, ಗೋಡೆಗೆ ಮುಖ ಮಾಡಿ ನಿಂತಾಗ ಬೆನ್ನ ಮೇಲೆ ಬಿದ್ದಿದ್ದ ಬಿಸಿಲೇ ಈಗ ಮುಖದ ಮೇಲೆ ಬಿದ್ದಿತ್ತು. ಮಾರಿಟ್ ಮೆಲ್ಲಗೆ ಕೇಳಿದಳು, ‘ಇಂಥವು ಎಷ್ಟಿವೆ?’ ಅವಳು ದನಿಯನ್ನು ಅಷ್ಟು ಮೃದು ಮಾಡದೇ ಇದ್ದಿದ್ದರೆ ಅವನು ನಿಜ ಹೇಳುತ್ತಿದ್ದನೋ ಏನೋ. ಆ ಮೃದುತನದಲ್ಲಿ ಒಂದು ಬಾಗಿಲಿತ್ತು, ಟವಿಯಾರ ಕಣ್ಣಲ್ಲೂ ಅದೇ ಬಾಗಿಲು ಕಂಡಿತು, ಮೇಲ್ವಿಚಾರಕನ ಕೆಲಸ, ಹೆಂಡತಿಗೆ ಹೇಳಿಯಾಗಿದ್ದ ಸುದ್ದಿ, ಎಲ್ಲ ಅದರಾಚೆ ಇದ್ದವು. ‘ಒಂದು,’ ಎಂದ. ‘ಇದೊಂದೇ.’

ಸಭೆ ಉಸಿರು ಬಿಟ್ಟಿತು. ಟವಿಯಾ ಎಷ್ಟು ಬೇಗ ಚೇತರಿಸಿಕೊಂಡರೆಂದರೆ ಓಬಿರಿಗೆ ಅವರ ಮೇಲೆ ಗೌರವವೇ ಬಂತು. ನಮ್ಮ ಕ್ಷೇತ್ರ ಸಿಬ್ಬಂದಿಯ ಪ್ರಾಮಾಣಿಕತೆಗೆ ಇದೇ ಸಾಕ್ಷಿ ಎಂದರು. ಲೆಕ್ಕಯಂತ್ರ ಒತ್ತಿ, ಆ ಒಂದು ಫಾರಮನ್ನು ಈಗಲೇ ತೆಗೆಯುತ್ತೇವೆ, ತೆಗೆದರೂ ಸರಾಸರಿ ಎಂಟು ಪಾಯಿಂಟ್ ನಾಲ್ಕೇ ಎಂದರು. ಯಾರೋ ನಕ್ಕರು. ಮಾರಿಟ್ ಏನನ್ನೋ ಯೋಚಿಸುತ್ತ ಕಡತದಲ್ಲಿ ಒಂದು ಸಾಲು ಬರೆದುಕೊಂಡಳು, ಚಹಾದ ನಂತರ ಸಹಿ ಮಾಡೋಣ ಎಂದಳು. ಒಂಬತ್ತನೆಯ ಚಿತ್ರ ಹೋಗಿ ಹತ್ತನೆಯದು ಬಂತು. ಕುರ್ಚಿಗಳು ಸರಿದವು, ಜನ ಮಾಂಸದ ಕಡುಬಿನ ವಾಸನೆಯ ಕಡೆ ಹೊರಟರು. ತನ್ನ ಜೀವನದಲ್ಲಿ ದೊಡ್ಡದೊಂದನ್ನು ಮಾಡಿದೆನೆಂದುಕೊಂಡದ್ದು ದಶಮಾಂಶದ ಮೊದಲ ಅಂಕಿಯನ್ನೂ ಅಲುಗಿಸಲಿಲ್ಲ. ಲೆಕ್ಕದ ಮೇಷ್ಟ್ರಿಗೆ ಅದು ಮೊದಲೇ ಗೊತ್ತಿರಬೇಕಾಗಿತ್ತು. ಗೊತ್ತಿತ್ತು.

ಮುದುಕಿ ಇನ್ನೂ ನಿಂತೇ ಇದ್ದಳು. ‘ಏನಾಯ್ತು? ಯಾಕೆಲ್ಲ ಎದ್ದೋದ್ರು? ಬಂದ ಸುದ್ದಿ ಹೇಳ್ಲೇ ಇಲ್ವಲ್ಲ ಅವ್ರು.’

‘ಕೂತ್ಕೊಳ್ಳಿ ಅಜ್ಜಿ.’

‘ನೀನು ಏನೋ ಅಂದೆ, ಎಲ್ರೂ ಸುಮ್ನಾದ್ರು. ಏನಂದೆ?’

ಇದಕ್ಕೆ ಅನುವಾದವಿರಲಿಲ್ಲ, ನೇರವಾಗಿ ಹೇಳಬೇಕಿತ್ತು. ಹೇಳಿದ. ನೀವು ನೀರು ಕೊಟ್ಟು ಶಾಂತ ಅಂದದ್ದನ್ನೇ ನಿಮ್ಮ ಉತ್ತರ ಎಂದು ಬರೆದೆ, ಉಳಿದದ್ದನ್ನು ವ್ಯಾನಿನಲ್ಲಿ ಕೂತು ನಾನೇ ತುಂಬಿದೆ, ಶೌಚಾಲಯ ಚೆನ್ನಾಗಿದೆ ಎಂದು ಬರೆದೆ, ನಾಚಿಕೆಯಿಂದ ವಾಪಸು ಬರಲಿಲ್ಲ, ಈಗ ಅವರಿಗೆ ಹೇಳಿದೆ, ಅವರು ನಿಮ್ಮ ಕಾಗದವನ್ನು ತೆಗೆದುಹಾಕಿದರು. ಅವಳು ಕೂತು ಕೇಳಿದಳು. ಶೌಚಾಲಯದ ಮಾತು ಬಂದಾಗ ಮಡಿಲ ಮೇಲಿನ ಚೀಲದ ಹಿಡಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಳು.

‘ತೆಗೆದುಹಾಕಿದ್ರಾ. ಅಂದ್ರೆ ನಾನೀಗ ಏನೂ ಹೇಳ್ಲಿಲ್ಲ ಅಂತ.’

‘ಹೌದು.’

‘ಮಿಕ್ಕೋರು?’

ಓಬಿರಿ ಗುರುತಿನ ಚೀಟಿಯನ್ನು ಅಂಗಿಯೊಳಗೆ ತೂರಿಸಿದ.

‘ಅವ್ರಿಗೆ ಎಷ್ಟು ಅಂತ ಅಂದೆ?’

‘ಒಂದು.’

ಅಫ್ರಾಕೋಮಾ ಅವನ ಮುಖವನ್ನು, ಡಬ್ಬಿಯ ತಳದ ಹಣ್ಣನ್ನು ಒತ್ತಿ ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು. ಪಕ್ಕದ ಮೇಜಿನಿಂದ ಇನ್ನೊಂದು ಬಾಟಲಿ ಎಳೆದು, ಮುಚ್ಚಳ ತಿರುಗಿಸಿ, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. ‘ತುಟಿ ಒಡ್ದೋಗದೆ ನಿಂದು. ಕುಡಿ ಮೊದ್ಲು.’ ಅವನು ಕುಡಿದ. ಒಂದು ಗುಟುಕಲ್ಲ, ಬಾಟಲಿಯನ್ನೇ ಎತ್ತಿ, ಗಂಟಲು ನೋಯುವಷ್ಟು. ಮೂರು ವಾರದ ದಾಹ ಅದು, ಕಣ್ಣಲ್ಲಿ ನೀರು ಬಂತು. ಅವಳು ಬಾಟಲಿ ಬರಿದಾಗುವವರೆಗೂ ಕಾದಳು, ಅವನ ಉಸಿರು ಕೆಳಗಿಳಿಯುವವರೆಗೂ ಕಾದಳು.

‘ಇಲ್ಲಿ ಎಲ್ಲ ಶಾಂತ,’ ಎಂದಳು ಆಮೇಲೆ. ‘ದಾರಿ ನಡೆದೋನು ನೀನು. ಅವತ್ತು ನಮ್ ಶೆಡ್ಡಲ್ಲಿ ನಿಂಗೆ ನೀರು ಕೊಟ್ಟೋರು ಎಷ್ಟು ಜನ?’

‘ಮೂವತ್ತೆಂಟು.’

‘ಅದನ್ನ ನಂಗ್ಯಾಕೆ ಹೇಳ್ತೀಯ?’ ಎಂದಳು, ಬಾಗಿಲ ಕಡೆ ಗಲ್ಲ ಎತ್ತಿ.

ಬಾಗಿಲಲ್ಲಿ ಮಾರಿಟ್ ಬಟ್ಟಲು ಹಿಡಿದು ಟವಿಯಾರ ಮಾತಿಗೆ ತಲೆಯಾಡಿಸುತ್ತಿದ್ದಳು. ಕಡತ ಅವಳ ಕಂಕುಳಲ್ಲೇ ಇತ್ತು. ಮೈಕನ್ನು ಯಾರೋ ಆರಿಸಿಟ್ಟಿದ್ದರು. ಓಬಿರಿ ಅದರ ಗುಂಡಿ ಹುಡುಕಿದ, ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಕಿರ್ರೆನ್ನುವ ಸದ್ದಿಗೆ ಎಲ್ಲರೂ ಇತ್ತ ತಿರುಗಿದರು.

‘ಮೂವತ್ತೆಂಟು,’ ಎಂದ, ಮೊದಲು ಮುದುಕಿಗೆ ಅರ್ಥವಾಗುವ ಭಾಷೆಯಲ್ಲಿ. ಆಮೇಲೆ ಅವರದರಲ್ಲಿ.